ತೋಳಿನ ಚರ್ಮಕ್ಕೆ ಮೂರು ತಾಲ್ಲೂಕಿನ ಅಭಿಪ್ರಾಯ

ನನ್ನ ತೋಳು ನನ್ನದೇ. ಆದರೆ ಅದರ ಬಗ್ಗೆ ಮಾತಾಡುವ ಹಕ್ಕನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನವರಿಗೆ ಯಾರು ಬರೆದುಕೊಟ್ಟರೋ ಗೊತ್ತಿಲ್ಲ. ನಾನು ಪಶುವೈದ್ಯೆ. ಈ ಮೂರೂ ಕಡೆ ಕೆಲಸ ಮಾಡಿ ಈಗ ಹೊಸನಗರದಲ್ಲಿದ್ದೇನೆ. ಹೋದಲ್ಲೆಲ್ಲ ನಾನು ದನ ನೋಡುತ್ತೇನೆ, ದನದವರು ನನ್ನ ತೋಳು ನೋಡುತ್ತಾರೆ, ಆಮೇಲೆ ಏನಾದರೊಂದು ಆಗಿಯೇ ಆಗುತ್ತದೆ.

ಮೊದಲು ನಾನು ದಪ್ಪಗಿದ್ದೆ. ದಪ್ಪ ಎಂದರೆ, ಜೀಪಿನಲ್ಲಿ ನಾನು ಮುಂದೆ ಕೂತರೆ ಡ್ರೈವರ್ ಗೇರು ಎಲ್ಲಿದೆ ಎಂದು ಹುಡುಕಬೇಕಿತ್ತು. ಒಂದು ದಿನ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾಯಿತು. ಮನುಷ್ಯರ ಡಾಕ್ಟರು ಚೆನ್ನಾಗಿ ಬೈದರು. ಹೆದರಿ ಅನ್ನ ಕಡಿಮೆ ಮಾಡಿದೆ, ಬೆಳಿಗ್ಗೆ ಸಂಜೆ ನಡೆದೆ, ಇಳಿದೆ. ಹೊಟ್ಟೆ ಹೋಯಿತು, ಕೆನ್ನೆ ಹೋಯಿತು, ತೋಳಿನ ಕೊಬ್ಬೂ ಹೋಯಿತು. ತೋಳಿನ ಚರ್ಮ ಮಾತ್ರ ಹೋಗಲಿಲ್ಲ. ಕೊಬ್ಬು ಇವತ್ತಲ್ಲ ನಾಳೆ ವಾಪಸ್ ಬಂದೀತು ಎಂದು ಅದು ಜೋತುಕೊಂಡು ಜಾಗ ಕಾಯುತ್ತಿದೆ. ಕೈ ಎತ್ತಿದರೆ ಅಲ್ಲಾಡುತ್ತದೆ. ಇಳಿಸಿದ ಮೇಲೂ ಸ್ವಲ್ಪ ಹೊತ್ತು ಅಲ್ಲಾಡುತ್ತದೆ.

೧. ತಬ್ಬಲಿ ಕರು

ಹುಂಚದ ಹತ್ತಿರ ಒಂದು ಊರಿನಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕುತ್ತಿದ್ದೆವು. ಒಂದು ಕೊಟ್ಟಿಗೆಯಲ್ಲಿ ಗಿಡ್ಡ ತಳಿಯ ಹಸು. ನಮ್ಮ ಕಡೆಯ ಈ ಹಸುಗಳು ಸೊಂಟದೆತ್ತರಕ್ಕೂ ಬರುವುದಿಲ್ಲ, ಸೂಜಿ ಹಾಕಬೇಕೆಂದರೆ ಬಗ್ಗಲೇಬೇಕು. ಬಗ್ಗಿ, ಬಲಗೈ ಚಾಚಿ ಅದರ ಕುತ್ತಿಗೆಗೆ ಸೂಜಿ ಹಿಡಿದಿದ್ದೆ. ಕಂಕುಳಿನ ಹತ್ತಿರ ಏನೋ ಬಿಸಿ, ಏನೋ ಒದ್ದೆ. ತಿರುಗಿ ನೋಡಿದರೆ ಪಕ್ಕದ ಗೂಟದ ಕೆಂದು ಕರು ನನ್ನ ತೋಳಿನ ಚರ್ಮವನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಚೀಪುತ್ತಿದೆ.

ನಾನು ಕೈ ಎಳೆದೆ. ಅದು ಬಿಡಲಿಲ್ಲ. ಹಾಲು ಬರದಿದ್ದಕ್ಕೆ ಕೋಪ ಬಂದು, ಕೆಚ್ಚಲಿಗೆ ಗುದ್ದುವ ಹಾಗೆ ನನ್ನ ಪಕ್ಕೆಗೆ ಒಂದು ಗುದ್ದು ಕೊಟ್ಟಿತು. ಸಿರಿಂಜು ಸಗಣಿಯಲ್ಲಿ ಬಿತ್ತು.

ಮನೆಯ ಯಜಮಾನಿ, ಐವತ್ತು ದಾಟಿದ ಗಟ್ಟಿ ಹೆಂಗಸು, ಓಡಿ ಬಂದಳು. ಕರುವಿಗೆ ಬೈಯುತ್ತಾಳೆ ಅಂದುಕೊಂಡೆ.

“ಅಯ್ಯೋ, ಕೈ ಎಳೀಬೇಡಿ ಡಾಕ್ಟ್ರಮ್ಮ! ತಾಯಿ ಸತ್ತೋದ ಕರು ಅದು. ಬಾಟ್ಲಿ ಕೊಟ್ರೆ ಬಾಯಿ ಹಾಕಲ್ಲ, ಬೆರಳು ಕೊಟ್ರೂ ಹಾಕಲ್ಲ. ಇವತ್ತೇ ಮೊದ್ಲು ಬಾಯಿ ಹಾಕಿದ್ದು!”

“ಅದಕ್ಕೆ?”

“ಅದಕ್ಕೆ ನೀವು ಹಂಗೇ ನಿಂತ್ಕಳಿ. ಮೇಲಿಂದ ನಾನು ಹಾಲು ಬಿಡ್ತೀನಿ.”

ಹೇಳಿದವಳೇ ಒಳಗೆ ಹೋಗಿ ತಂಬಿಗೆಯಲ್ಲಿ ಉಗುರುಬೆಚ್ಚಗಿನ ಹಾಲು ತಂದಳು. ಭುಜದಿಂದ ಸಣ್ಣ ಧಾರೆಯಲ್ಲಿ ಬಿಟ್ಟಳು. ಹಾಲು ತೋಳಿನ ಗುಂಟ ಇಳಿದು ಚರ್ಮದ ತುದಿಗೆ ಬರುವುದು, ಕರು ಚೀಪುವುದು. ಹಸಿದ ಪ್ರಾಣಿ, ಏನು ಮಾಡಲಿ, ನಿಂತೆ. ತಂಬಿಗೆ ಖಾಲಿಯಾಗುವವರೆಗೂ ನಿಂತೆ.

ನಮ್ಮ ಅಟೆಂಡರ್ ಬಾಗಿಲಲ್ಲಿ ಐಸ್‌ಬಾಕ್ಸ್ ಹಿಡಿದುಕೊಂಡು ಎಲ್ಲವನ್ನೂ ನೋಡುತ್ತಿದ್ದ. ನನ್ನಷ್ಟೇ ವಯಸ್ಸಿನವನು, ನನ್ನ ಜೊತೆ ಬಹಳ ವರ್ಷ ತಿರುಗಿದವನು. ಜೀಪು ಹತ್ತಿದ ಮೇಲೆ ಗಂಭೀರವಾಗಿ ಕೇಳಿದ:

“ಮೇಡಂ, ಇವತ್ತಿನ ರಿಪೋರ್ಟಲ್ಲಿ ಇದನ್ನು ಲಸಿಕೆ ಅಂತ ಬರೀಲಾ, ಹಾಲುಣಿಸಿದ್ದು ಅಂತ ಬರೀಲಾ?”

೨. ಎತ್ತಿದ ಅಳತೆ, ಇಳಿಸಿದ ಅಳತೆ

ಇನ್ನು ತೋಳು ಮುಚ್ಚಿಬಿಡಬೇಕು ಎಂದು ತೀರ್ಮಾನಿಸಿ ತೀರ್ಥಹಳ್ಳಿಗೆ ಹೋದೆ. ಅಲ್ಲಿ ಕೆಲಸದಲ್ಲಿದ್ದಾಗಿನಿಂದ ನನ್ನ ಬಟ್ಟೆ ಹೊಲಿಯುವ ಟೈಲರ್ ಅಕ್ಕ ಇದ್ದಾಳೆ. ಚೂಡಿದಾರಕ್ಕೆ ಮಣಿಕಟ್ಟಿನವರೆಗೆ ಉದ್ದ ತೋಳು ಇಡು ಎಂದೆ. ಅವಳು ಟೇಪು ತೆಗೆದು ತೋಳಿಗೆ ಸುತ್ತಿದಳು. ಬಿಚ್ಚಿದಳು. ಕೈ ಎತ್ತಿಸಿ ಮತ್ತೆ ಸುತ್ತಿದಳು. ಹಣೆ ಗಂಟಿಕ್ಕಿದಳು.

“ಮೇಡಂ, ಎತ್ತಿದಾಗಿನ ಅಳತೆಗೆ ಹೊಲೀಲಾ, ಇಳಿಸಿದಾಗಿನ ಅಳತೆಗೆ ಹೊಲೀಲಾ? ಎರಡು ಬೇರೆ ಬೇರೆಯವ್ರ ಕೈ ಇದ್ದಂಗೆ ಇದೆ.”

“ಚರ್ಮ ಅಲ್ಲಾಡದ ಹಾಗೆ ಬಿಗಿಯಾಗಿ ಹೊಲಿ.”

ಹೊಲಿದಳು. ಎಷ್ಟು ಬಿಗಿಯಾಗಿ ಎಂದರೆ ಚರ್ಮ ಒಳಗೆ ಗಪ್‌ಚಿಪ್. ಕನ್ನಡಿಯಲ್ಲಿ ನೋಡಿಕೊಂಡು ಖುಷಿಯಾಯಿತು. ಹೊಸ ಚೂಡಿದಾರ ಹಾಕಿಕೊಂಡು ಡ್ಯೂಟಿಗೆ ಹೋದೆ. ಮೊದಲನೇ ಕೇಸೇ ಗಬ್ಬ ಪರೀಕ್ಷೆ. ಓದುವವರಲ್ಲಿ ದನ ಸಾಕದವರಿಗಾಗಿ ಹೇಳುತ್ತೇನೆ: ಹಸು ಗಬ್ಬವಾಗಿದೆಯೋ ಇಲ್ಲವೋ ಎಂದು ನಾವು ನೋಡುವುದು ಕಣ್ಣಲ್ಲಲ್ಲ, ಕೈಯಲ್ಲಿ. ಭುಜದವರೆಗೆ ಪ್ಲಾಸ್ಟಿಕ್ ಗ್ಲೌಸು ಹಾಕಿ ಹಿಂದಿನಿಂದ ಕೈ ಒಳಗೆ ಬಿಡಬೇಕು. ಅದಕ್ಕೆ ಮೊದಲು ಬಟ್ಟೆಯ ತೋಳು ಮೇಲೆ ಸರಿಯಬೇಕು. ನನ್ನದು ಮೊಣಕೈ ದಾಟಲಿಲ್ಲ. ಅಟೆಂಡರ್ ಒಂದು ಕಡೆಯಿಂದ, ದನದವನ ಹೆಂಡತಿ ಒಂದು ಕಡೆಯಿಂದ ಎಳೆದರು. ಬಾಲ ಎತ್ತಿ ಹಿಡಿದಿದ್ದ ದನದವನಿಗೆ ಕೈ ಸೋತಿತು. ಹಸುವಿಗೂ ಬೇಜಾರಾಗಿ ತಿರುಗಿ ನೋಡಿತು.

ಕೊನೆಗೆ ಆ ಹೆಂಗಸು ಒಳಗಿನಿಂದ ಕತ್ತರಿ ತಂದು ಹೊಸ ತೋಳನ್ನು ಭುಜದವರೆಗೆ ಸೀಳಿದಳು. ಚರ್ಮ ಜೈಲಿನಿಂದ ಬಿಟ್ಟ ಹಾಗೆ ಹೊರಗೆ ಬಿತ್ತು. ಅವಳು ಒಂದು ಕ್ಷಣ ನೋಡಿ ಗಂಡನಿಗೆ ಹೇಳಿದಳು: “ನೋಡ್ರಿ, ಪಾಪ, ಇಷ್ಟನ್ನ ಒಳಗೆ ತುಂಬ್ಕಂಡು ಉಸಿರಾದ್ರೂ ಹೆಂಗೆ ಬಿಡ್ತಿದ್ರೋ!”

೩. ಮೊದಲನೇ ಬಹುಮಾನ

ಹೊಸನಗರದ ಹತ್ತಿರ ನಗರ ಎಂಬ ಊರಿನಲ್ಲಿ ನಾಟಿ ದನಗಳ ಪ್ರದರ್ಶನ ಇತ್ತು. ನಾನೇ ತೀರ್ಪುಗಾರ್ತಿ. ಬಹುಮಾನ ಹೇಳುವ ಮೊದಲು ಒಳ್ಳೆಯ ತಳಿಯ ಲಕ್ಷಣದ ಬಗ್ಗೆ ನಾಲ್ಕು ಮಾತಾಡಿ ಎಂದು ಮೈಕು ಕೊಟ್ಟರು. ಮೈಕು ಸಿಕ್ಕರೆ ನಾನು ಬೇಗ ಬಿಡುವವಳಲ್ಲ. ಕೊಂಬು ಹೇಗಿರಬೇಕು, ಗೊರಸು ಹೇಗಿರಬೇಕು ಎಂದು ವಿವರಿಸಿ, ಗಂಗೆದೊಗಲಿಗೆ ಬಂದೆ. ಗಂಗೆದೊಗಲು ಎಂದರೆ ಹಸುವಿನ ಕುತ್ತಿಗೆಯ ಕೆಳಗೆ ಜೋಲುವ ಚರ್ಮ.

“ನೋಡಿ, ಈ ಜೋಲು ಚರ್ಮ ಇದೆಯಲ್ಲ, ಇದು ನಮ್ಮ ದೇಸಿ ದನದ ಗುರುತು. ಇದು ತೆಳ್ಳಗಿರಬೇಕು, ಮೆತ್ತಗಿರಬೇಕು, ನಡೆಯುವಾಗ ಅಲ್ಲಾಡಬೇಕು. ಇಂಥ ಚರ್ಮ ಇದ್ದರೆ ಮೈ ಸೆಖೆ ತಡೆಯುತ್ತದೆ. ಇದನ್ನು ನೋಡಿಯೇ ಹಿಂದಿನವರು ದನ ಆರಿಸುತ್ತಿದ್ದರು” ಎಂದು ಮೊದಲ ಸಾಲಿನಲ್ಲಿದ್ದ ಹಸುವನ್ನು ತೋರಿಸಲು ಕೈ ಎತ್ತಿದೆ.

ಸೆಖೆಯ ದಿನ. ಟೈಲರ್ ಅಕ್ಕನ ಉದ್ದ ತೋಳಿಗೆ ಕತ್ತರಿ ಬಿದ್ದಿತ್ತಲ್ಲ, ಗಿಡ್ಡ ತೋಳಿನದು ಹಾಕಿಕೊಂಡಿದ್ದೆ. ಜನ ಹಸುವನ್ನು ನೋಡಲಿಲ್ಲ. ತೋರಿಸಿದ ಕೈಯನ್ನೇ ನೋಡಿದರು. ತೆಳ್ಳಗೆ, ಮೆತ್ತಗೆ, ಅಲ್ಲಾಡುತ್ತ ಇತ್ತು.

ಎದುರಿಗೆ ಕೂತಿದ್ದ ಮುದುಕರೊಬ್ಬರು ಎದ್ದು ನಿಂತರು. ಕುಹಕ ಇಲ್ಲ ಏನಿಲ್ಲ, ದನದ ವಿಷಯದಲ್ಲಿ ಅನುಭವಸ್ಥರು ಮಾತಾಡುವ ದನಿ. “ಹಂಗಾದ್ರೆ ಇನ್ನೆಂತ ಹುಡ್ಕದು? ಮೊದ್ಲನೇ ಬಹುಮಾನ ನೀವೇ ಇಟ್ಕಳಿ ಡಾಕ್ಟ್ರಮ್ಮ. ಎಲ್ಡನೇದು ಬೇಕಾರೆ ಆ ಹಸೂಗೆ ಕೊಡಿ.”

ಶಾಮಿಯಾನ ಹಾರಿಹೋಗುವಷ್ಟು ನಗು. ನಾನೂ ನಕ್ಕೆ. ನಗದೆ ಏನು ಮಾಡಲಿ, ಕೈಯಲ್ಲಿ ಮೈಕಿದೆ. ಆದರೆ ಜೀಪು ಹತ್ತಿದ ಮೇಲೆ ಅಳು ಬಂತು. ಸುಳ್ಳು ಯಾಕೆ ಹೇಳಲಿ, ಬಹಳ ಅವಮಾನವಾಗಿತ್ತು. ಇಷ್ಟು ಕಷ್ಟಪಟ್ಟು ಇಳಿದಿದ್ದೇನೆ, ಅದನ್ನು ಒಬ್ಬರೂ ನೋಡುವುದಿಲ್ಲ, ಉಳಿದದ್ದನ್ನು ಮಾತ್ರ ನೋಡುತ್ತಾರೆ. ಕಣ್ಣು ಒರೆಸಿಕೊಂಡು ಅಲ್ಲೇ ತೀರ್ಮಾನ ಮಾಡಿದೆ: ಇದನ್ನು ಕೊಯ್ಸಿ ಹಾಕುವುದೇ ಸೈ. ಇದಕ್ಕೆ ಆಪರೇಷನ್ ಇದೆ ಎಂದು ಫೋನಿನಲ್ಲಿ ನೋಡಿದ್ದೆ.

ಅಟೆಂಡರ್ ಹಿಂದಿನ ಸೀಟಿನಿಂದ ಸಮಾಧಾನ ಮಾಡಿದ. “ಬೇಜಾರು ಮಾಡ್ಕಬೇಡಿ ಮೇಡಂ. ಕೊಟ್ಟಿದ್ದು ಮೊದಲನೇ ಬಹುಮಾನನೇ ಅಲ್ವಾ? ಸಮಾಧಾನಕರ ಅಂದಿದ್ರೆ ಬೇಜಾರು ಮಾಡ್ಕಬಹುದಿತ್ತು.”

೪. ಸರ್ವಾನುಮತ

ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಆಪರೇಷನ್ ವಿಷಯ ಹೇಳಿದಾಗ, “ನಿನ್ನ ತೋಳು, ನಿನ್ನ ಇಷ್ಟ. ನನಗಂತೂ ಅದು ಅಡ್ಡ ಬಂದಿಲ್ಲ” ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಸರಿ ಇತ್ತು. ತಮ್ಮ ಅಮ್ಮನಿಗೆ ಫೋನ್ ಮಾಡುವಾಗ ಇದನ್ನೂ ಹೇಳಿಬಿಟ್ಟರು.

ಅತ್ತೆಯ ಮನೆ ಸಾಗರದ ಹತ್ತಿರ. ಬೇಸಿಗೆಯಲ್ಲಿ ಹಲಸಿನಕಾಯಿ ಹಪ್ಪಳ ಮಾಡುವ ದಿನ ಹೋದೆವು. ಜಗುಲಿಯಲ್ಲಿ ಅತ್ತೆ, ಅವರ ತಂಗಿಯರು, ಓರಗಿತ್ತಿಯರು ಸಾಲಾಗಿ ಕೂತು ಹಪ್ಪಳ ಒತ್ತುತ್ತಿದ್ದರು. ನಾನು ಚೀಲ ಇಡುವುದಕ್ಕಿಲ್ಲ, ಅತ್ತೆ ಶುರು ಮಾಡಿದರು.

“ತೋಳು ಕೊಯ್ಸ್ಕತ್ಯಡ, ಹೌದನೇ?”

“ತೋಳಲ್ದ ಅತ್ತೆ, ಬರೀ ಚರ್ಮ.”

“ಎಂತಕ್ಕೆ? ಎಂಗೂ ಇದ್ದು ನೋಡು.” ಅತ್ತೆ ಹಿಟ್ಟಿನ ಕೈಯನ್ನೇ ಮೇಲೆತ್ತಿದರು. ನಿಜ, ಇತ್ತು. ನನ್ನದಕ್ಕಿಂತ ಒಂದು ಪಾಲು ಹೆಚ್ಚೇ ಇತ್ತು. “ಈ ಮನೆಲಿ ಎಲ್ಲರಿಗೂ ಇದ್ದು. ಯಾರೂ ಕೊಯ್ಸ್ಕಂಡಿದ್ವಿಲ್ಲೆ.” ಆಮೇಲೆ ಸಾಲಿನ ಕಡೆ ತಿರುಗಿ, “ಎಲ್ಲಾ ಕೈ ಎತ್ತಿ ತೋರ್ಸಿ ನೋಡನ” ಎಂದು ಅಪ್ಪಣೆ ಕೊಟ್ಟರು.

ಎಲ್ಲ ಹೆಂಗಸರೂ ಹಪ್ಪಳ ಬಿಟ್ಟು ಕೈ ಎತ್ತಿದರು. ಜಗುಲಿಯ ಈ ತುದಿಯಿಂದ ಆ ತುದಿಯವರೆಗೆ ಚರ್ಮವೇ ಚರ್ಮ. ಒಬ್ಬರು ತಮ್ಮದು ಸಣ್ಣದು ಎಂದು ಸ್ವಲ್ಪ ನಾಚಿಕೊಂಡರು.

ಅದೇ ಹೊತ್ತಿಗೆ ಪಕ್ಕದ ಮನೆ ಭಟ್ಟರು ಬಂದರು. ಊರಿನ ಸೊಸೈಟಿಯಲ್ಲಿ ಅವರು ನಿರ್ದೇಶಕರು. ಸಭೆಯಲ್ಲಿ ಎಲ್ಲರೂ ಕೈ ಎತ್ತಿದ್ದು ಕಂಡರೆ ತಾವೂ ಎತ್ತುವುದು ಎಷ್ಟೋ ವರ್ಷದ ಅಭ್ಯಾಸ. ಬಾಗಿಲಲ್ಲಿ ನಿಂತವರು ಸಾಲು ನೋಡಿ ತಟ್ಟನೆ ಬಲಗೈ ಎತ್ತಿದರು. ಎತ್ತಿದ ಮೇಲೆ ಕೇಳಿದರು: “ಎಂತ ವಿಷಯ?”

ನನ್ನ ಗಂಡ ಹೇಳಿದರು: “ತೋಳು ಕೊಯ್ಸದು ಬ್ಯಾಡ ಹೇಳಿ ಠರಾವು ಭಟ್ರೇ. ನಿಮ್ದೂ ಸೇರಿ ಸರ್ವಾನುಮತ ಆತು.”

೫. ಈ ಕೈಯಲ್ಲಿ ಏನು ಕೆಲಸ?

ಠರಾವು ಮೀರಿ ಶಿವಮೊಗ್ಗಕ್ಕೆ ಹೋದೆ. ಪ್ಲಾಸ್ಟಿಕ್ ಸರ್ಜನ್ ಬಹಳ ಮೃದು ಸ್ವಭಾವದವರು. ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಚರ್ಮವನ್ನು ನಿಧಾನಕ್ಕೆ ಹಿಂಡಿ, ಮಡಚಿ, ಬಿಟ್ಟು ನೋಡಿದರು. ಕಂಕುಳಿನಿಂದ ಮೊಣಕೈವರೆಗೆ ಕೊಯ್ದು, ಹೆಚ್ಚಿನದ್ದು ತೆಗೆದು, ಹೊಲಿಗೆ ಹಾಕುತ್ತಾರಂತೆ. ಗೆರೆ ಉಳಿಯುತ್ತದಂತೆ. ವಾರಗಟ್ಟಲೆ ಕೈ ಮೇಲೆತ್ತಬಾರದು, ಎಳೆಯಬಾರದು, ಭಾರ ಹೊರಬಾರದು.

“ಈ ಕೈಯಲ್ಲಿ ನೀವು ಕಷ್ಟದ ಕೆಲಸ ಏನಾದರೂ ಮಾಡ್ತೀರಾ ಮೇಡಂ?”

“ಹಸುವಿನ ಹಿಂದಿನಿಂದ ಒಳಗೆ ಹಾಕ್ತೀನಿ ಸರ್.”

“ಎಲ್ಲಿವರೆಗೆ?”

ನಾನು ಅವರು ಹಿಡಿದುಕೊಂಡಿದ್ದ ಜಾಗಕ್ಕಿಂತ ಒಂದು ಗೇಣು ಮೇಲೆ ತೋರಿಸಿದೆ. “ಇಲ್ಲಿವರೆಗೆ. ದಿನಾ.”

ಅವರು ನನ್ನ ಕೈಯನ್ನು ಬಹಳ ಮರ್ಯಾದೆಯಿಂದ ಮೇಜಿನ ಮೇಲೆ ಇಟ್ಟು, ಎದ್ದು ಹೋಗಿ ಸೋಪು ಹಾಕಿ ಕೈ ತೊಳೆದು ಬಂದರು. ಬಂದು ಕೂತವರು ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಮೇಡಂ, ತಪ್ಪು ತಿಳ್ಕೋಬೇಡಿ. ತೀರ್ಥಹಳ್ಳಿ ಕಡೆ ಮೇಳಿಗೆ ಹತ್ರ ನಮ್ಮ ಅಣ್ಣನ ಮನೆ ಇದೆ. ಅಲ್ಲಿ ಒಂದು ಹಸು. ಗಬ್ಬ ನಿಲ್ತಾನೇ ಇಲ್ಲ. ಅದೇ ಹಸುವಿನ ಹಾಲು ಕುಡಿದು ನಾವೆಲ್ಲ... ಅಂದ್ರೆ ಅದರ ಅಜ್ಜಿ ಹಾಲು. ಏನ್ ಮಾಡಬಹುದು?”

ಅಲ್ಲಿಂದ ನಾನು ಡಾಕ್ಟರು, ಅವರು ಹಸುವಿನವರು. ಬೆದೆಗೆ ಬಂದದ್ದು ಯಾವಾಗ, ಮೇವು ಏನು, ಹಿಂದೆ ಕರು ಹಾಕಿದಾಗ ತೊಂದರೆ ಆಗಿತ್ತೇ ಎಂದು ಕೇಳಿದೆ. ಅವರು ಅಣ್ಣನಿಗೆ ಫೋನು ಹಚ್ಚಿ ಉತ್ತರ ತರಿಸಿಕೊಂಡರು. ಹೊರಗೆ ಮೂಗು ನೆಟ್ಟಗೆ ಮಾಡಿಸಿಕೊಳ್ಳಲು ಬಂದ ಹುಡುಗಿ ಕಾಯುತ್ತಿದ್ದಳು. ಒಳಗಿನಿಂದ “ಬೆಳಿಗ್ಗೆ ಬೆದೆ ಬಂದ್ರೆ ಸಂಜೆಯೇ ಡಾಕ್ಟ್ರನ್ನ ಕರೆಸಬೇಕು, ಬಿಟ್ರೆ ಹೋಯ್ತು” ಎಂಬ ನನ್ನ ದನಿ ಕೇಳಿ, ಎದ್ದು ಬೋರ್ಡು ಓದಿ ಮತ್ತೆ ಕೂತಳಂತೆ.

೬. ಗೆರೆ

ಹೊರಡುವ ಮೊದಲು ಆ ಸರ್ಜನ್, ಎಲ್ಲಿ ಕೊಯ್ಯುತ್ತಾರೆ ಎಂದು ತೋರಿಸಲು ನನ್ನ ಬಲತೋಳಿನ ಮೇಲೆ ನೇರಳೆ ಪೆನ್ನಿನಲ್ಲಿ ಉದ್ದ ಗೆರೆ ಎಳೆದು, ಅದಕ್ಕೆ ಅಡ್ಡಗೆರೆಗಳನ್ನು ಹಾಕಿದ್ದರು. ದೀಪಾವಳಿ ಕಳೆದ ಮೇಲೆ ಆಪರೇಷನ್ ಎಂದು ದಿನವೂ ನಿಗದಿಯಾಯಿತು. ಮನೆಗೆ ಬಂದು ಉಜ್ಜಿದೆ, ಗೆರೆ ಹೋಗಲಿಲ್ಲ. ಸೀಗೆಪುಡಿಗೂ ಹೋಗಲಿಲ್ಲ.

ಮರುದಿನ ಒಂದು ಊರಿನಲ್ಲಿ ಎಮ್ಮೆ ಗಬ್ಬ ಪರೀಕ್ಷೆ. ಗ್ಲೌಸು ತೆಳ್ಳಗಿನದು, ಒಳಗಿನ ಗೆರೆಗಳೆಲ್ಲ ಚೆನ್ನಾಗಿ ಕಾಣುತ್ತಿದ್ದವು. ಎಮ್ಮೆಯವನು ಬಗ್ಗಿ, ಕೈ ಎಷ್ಟನೇ ಗೆರೆವರೆಗೆ ಒಳಗೆ ಹೋಯಿತು ಎಂದು ನೋಡಿದ. ನಾನು ಕೈ ತೆಗೆದು, “ನಾಲ್ಕು ತಿಂಗಳು ತುಂಬಿದೆ” ಎಂದೆ.

“ಹೌದು, ನಾನೂ ನೋಡ್ದೆ” ಎಂದ. “ನಾಲ್ಕನೇ ಗೆರೇಲಿ ನಿಂತಿತ್ತು.”

ನಾನು ವಿವರಿಸಲು ಹೋಗಲಿಲ್ಲ. ಏನೆಂದು ಹೇಳಲಿ, ಇದು ಎಮ್ಮೆಯ ಅಳತೆಯಲ್ಲ, ನನ್ನದು ಎಂದೇ? ಸುಮ್ಮನಾದದ್ದೇ ತಪ್ಪಾಯಿತು. ಹೊಸನಗರದ ಡಾಕ್ಟ್ರಮ್ಮನ ಕೈ ಮೇಲೆ ಸರ್ಕಾರದವರು ತಿಂಗಳ ಗುರುತು ಹಾಕಿಕೊಟ್ಟಿದ್ದಾರೆ, ಈಗ ತಪ್ಪುವುದೇ ಇಲ್ಲ ಎಂದು ಸುದ್ದಿ ಹಬ್ಬಿತು. ಕೆಲವು ದಿನಕ್ಕೆ ಗೆರೆ ಮಾಸಿತು. ಆಮೇಲೆ ಹೋದ ಊರಿನಲ್ಲಿ ಒಬ್ಬ ನನ್ನ ಬರೀ ತೋಳು ನೋಡಿ ಹಸುವನ್ನು ವಾಪಸ್ ಕಟ್ಟಿಹಾಕಿದ.

“ಪರವಾಗಿಲ್ಲ ಡಾಕ್ಟ್ರಮ್ಮ, ಅವಸರ ಇಲ್ಲ. ಗೆರೆ ಹಾಕ್ಸ್ಕಂಡೇ ಬನ್ನಿ.”

೭. ದೃಷ್ಟಿ

ದೀಪಾವಳಿ ಕಳೆಯಿತು. ಆಪರೇಷನ್ನಿನ ದಿನ ಬಂತು. ಖಾಲಿ ಹೊಟ್ಟೆಯಲ್ಲಿ ಬರಬೇಕು ಎಂದಿದ್ದರು. ರಜೆ ಹಾಕಿ, ಬ್ಯಾಗು ತುಂಬಿ, ಬೆಳಿಗ್ಗೆ ಬೇಗ ಗಂಡನ ಜೊತೆ ಕಾರಿನಲ್ಲಿ ಹೊರಟೆ. ಅವರು ಆಸ್ಪತ್ರೆಗೆ ಹೋಗುವುದೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ನನಗೆ ಒಳಗೊಳಗೇ ಹೆದರಿಕೆ. ಕೈ ಮೊದಲಿನ ಹಾಗೆ ಆಡದಿದ್ದರೆ? ಮೇಷ್ಟ್ರಿಗೆ ಸೀಮೆಸುಣ್ಣ ಹಿಡಿದರೆ ಸಾಕು, ನನಗೆ ಕೈ ಇಡೀ ಬೇಕು. ಆದರೆ ಆ ಶಾಮಿಯಾನದ ನಗು ನೆನಪಾದರೆ, ಕೊಯ್ದೇ ಹೋಗಲಿ ಅನ್ನಿಸುತ್ತಿತ್ತು.

ಊರು ದಾಟಿರಲಿಲ್ಲ, ಫೋನು. ಹುಂಚದ ಹತ್ತಿರದ ಆ ಯಜಮಾನಿ, ನನ್ನ ತೋಳಿನ ಮೇಲೆ ಹಾಲು ಬಿಟ್ಟವಳು.

“ಡಾಕ್ಟ್ರಮ್ಮ, ಹಸು ರಾತ್ರಿಯಿಂದ ತಿಣುಕ್ತಾ ಇದೆ. ಒಂದು ಕಾಲು ಬಂದಿದೆ, ತಲೆ ಬರ್ತಿಲ್ಲ. ಬಂದ್ರೆ ಉಳೀತದೆ.”

“ಇವತ್ತು ರಜೆ ಅಮ್ಮ. ಚಾರ್ಜಿನಲ್ಲಿ ಸಾಗರದ ಡಾಕ್ಟ್ರು ಇದ್ದಾರೆ.”

“ಅವ್ರಿಗೆ ಮಾಡಿದ್ದೆ. ಬರ್ತೀನಿ ಅಂದ್ರು. ಆದ್ರೆ ಅವ್ರ ಕೈ ನೋಡಿದೀರಲ್ಲ, ಒನಕೆ ಇದ್ದಂಗೆ ಇದೆ. ನಮ್ದು ಗಿಡ್ಡ ಹಸು.”

ನಾನು ಗಂಡನ ಮುಖ ನೋಡಿದೆ. ಅವರು ಹುಂಚದ ರಸ್ತೆಗೆ ಕಾರು ತಿರುಗಿಸಿದರು.

ಕೊಟ್ಟಿಗೆಗೆ ಹೋಗಿ, ಕೈ ತೊಳೆದು, ಎಣ್ಣೆ ಹಚ್ಚಿಕೊಂಡು ಒಳಗೆ ಬಿಟ್ಟೆ. ಕರುವಿನ ತಲೆ ಹಿಂದಕ್ಕೆ ತಿರುಗಿ ಪಕ್ಕೆಗೆ ಒತ್ತಿಕೊಂಡಿತ್ತು. ದಪ್ಪಗಿದ್ದ ಕಾಲದಲ್ಲಿ ಗಿಡ್ಡ ಹಸುವಿಗೆ ನನ್ನ ಕೈ ಮೊಣಕೈ ದಾಟುತ್ತಲೇ ಇರಲಿಲ್ಲ. ಇಂಥ ಕೇಸಿದ್ದರೆ ಸಪೂರ ಕೈಯ ಬೇರೆ ಡಾಕ್ಟರನ್ನು ಕರೆಸುತ್ತಿದ್ದೆ, ಅವರು ಬರುವಷ್ಟರಲ್ಲಿ ಕೆಲವು ಕರು ಸತ್ತೂ ಹೋಗಿವೆ. ಈಗ ತೋಳು ಒಳಗೆ ಹೋಯಿತು, ಚರ್ಮ ನೆರಿಗೆ ನೆರಿಗೆಯಾಗಿ ಹಿಂದೆ ಸರಿದು ಹೊರಗೇ ನಿಂತಿತು. ಭುಜದವರೆಗೆ ಹೋಯಿತು. ಹಸು ತಿಣುಕಿ ಹಿಂಡಿತು. ಅಂಚಿನಲ್ಲಿ ಹಿಂಡಿಸಿಕೊಂಡದ್ದು ಬರೀ ಚರ್ಮ, ಕೈ ಒಳಗೆ ಸಲೀಸಾಗಿ ಆಡುತ್ತಿತ್ತು. ಬೆರಳಿಗೆ ಕರುವಿನ ದವಡೆ ಸಿಕ್ಕಿತು. ಬಾಯಿಯೊಳಗೆ ಬೆರಳಿಟ್ಟೆ. ನಾಲಿಗೆ ಅಲ್ಲಾಡಿತು.

“ಜೀವ ಇದೆ!” ಎಂದು ಕೂಗಿದೆ.

ತಲೆ ತಿರುಗಿಸಿ, ಕಾಲಿಗೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಗಣಿತದ ಮೇಷ್ಟ್ರಿಗೆ ಕೊಟ್ಟೆ. ನಾನು ಹೇಳಿದಾಗ ಮಾತ್ರ ಎಳೆಯಿರಿ ಎಂದೆ. ಬಹಳ ವಿಧೇಯವಾಗಿ ಎಳೆದರು. ಕೊನೆಯಲ್ಲಿ ಕರು ಒಮ್ಮೆಗೇ ಜಾರಿ ಬಂತು, ಮೇಷ್ಟ್ರು ಬಿಳಿ ಅಂಗಿಯ ಸಮೇತ ಸಗಣಿಯಲ್ಲಿ ಕೂತರು, ಕರು ಅವರ ತೊಡೆಯ ಮೇಲೆ. ಮೂಗು ಒರೆಸಿ, ಎದೆ ಉಜ್ಜಿದ ಮೇಲೆ ಅದು ಸೀನಿತು. ಹೆಣ್ಣು ಕರು.

ಯಜಮಾನಿ ಬಿಸಿನೀರು ತಂದು ನನ್ನ ತೋಳು ತೊಳೆದಳು, ಕೊಬ್ಬರಿ ಎಣ್ಣೆ ಹಚ್ಚಿದಳು. ಅಷ್ಟಕ್ಕೆ ಬಿಡದೆ ಒಳಗೆ ಹೋಗಿ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ತಂದು ದೃಷ್ಟಿ ತೆಗೆಯಲು ನಿಂತಳು. ಹಸುವಿಗೋ ಕರುವಿಗೋ ಇರಬೇಕು ಎಂದು ನಾನು ಪಕ್ಕಕ್ಕೆ ಸರಿದೆ.

“ನೀವೆಲ್ಲಿ ಹೋಗ್ತೀರಿ? ಕೈ ಚಾಚಿ” ಎಂದಳು. ಭುಜದಿಂದ ಬೆರಳಿನವರೆಗೆ ನಿವಾಳಿಸಿ ಮೆಣಸಿನಕಾಯಿ ಒಲೆಗೆ ಹಾಕಿದಳು. ಕಾಡಿಗೆ ಡಬ್ಬಿ ತಂದು, ನಾನು ಎರಡು ವರ್ಷದಿಂದ ಮುಚ್ಚಿಡಲು ಒದ್ದಾಡಿದ ಆ ಚರ್ಮವನ್ನು ಎತ್ತಿ ಹಿಡಿದು, ನಡುವೆ ದೊಡ್ಡದೊಂದು ಕಪ್ಪು ಬೊಟ್ಟು ಇಟ್ಟಳು.

“ಇಂಥಾ ಕೈಗೆ ಜನ್ರ ಕಣ್ಣು ಬೀಳ್ತದೆ.”

ಆವತ್ತು ಜೀಪಿನಲ್ಲಿ ಬಂದ ಹಾಗೆಯೇ ಅಳು ಬಂತು. ಆದರೆ ಇದು ಬೇರೆ ಅಳು. ನನ್ನ ತೋಳಿನ ಮೇಲೆ ನನಗೇ ಪ್ರೀತಿ ಬಂದುಬಿಟ್ಟಿತ್ತು.

ಅಳಲು ಪುರುಸೊತ್ತು ಎಲ್ಲಿ? ಹುಟ್ಟಿದ ಕರು ನಡುಗುತ್ತ ಎದ್ದು ನಿಂತಿತು, ತಾಯಿಯ ಕೆಚ್ಚಲಿಗೆ ಬಾಯಿ ಹಾಕಲಿಲ್ಲ. ಬಹಳ ಹೊತ್ತು ಸಿಕ್ಕಿಕೊಂಡಿದ್ದ ಕರುಗಳಿಗೆ ಚೀಪುವುದು ಸ್ವಲ್ಪ ಹೊತ್ತು ಮರೆತುಹೋಗುತ್ತದೆ. ಮೊದಲ ಗಿಣ್ಣು ಹಾಲು ಹೊಟ್ಟೆಗೆ ಹೋಗಲೇಬೇಕು. ಯಜಮಾನಿ ತಂಬಿಗೆಗೆ ಹಾಲು ಕರೆದು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಬಗ್ಗಿ ನಿಂತು ಕೈ ಚಾಚಿದೆ. ಅವಳು ಹಾಲು ಬಿಟ್ಟಳು. ಕರು ಮೂಸಿತು, ಬಾಯಿ ಹಾಕಿತು, ಚೀಪತೊಡಗಿತು.

ಆಗ ಫೋನು ಬಡಿಯಿತು. ಗಂಡ ಎತ್ತಿ ನನ್ನ ಕಿವಿಗೆ ಹಿಡಿದರು. ಶಿವಮೊಗ್ಗದ ಸರ್ಜನ್.

“ಮೇಡಂ, ಇಲ್ಲಿ ಎಲ್ಲ ರೆಡಿ. ಎಲ್ಲಿದ್ದೀರಿ?”

“ಕೊಟ್ಟಿಗೇಲಿ ಸರ್. ತೋಳು ಕರುವಿನ ಬಾಯಲ್ಲಿದೆ.”

“ಅಯ್ಯೋ! ಕಚ್ಚಿತಾ?”

“ಇಲ್ಲ ಸರ್, ಕುಡೀತಾ ಇದೆ.”

ನಾನು ನಡೆದದ್ದೆಲ್ಲ ಹೇಳಿದೆ. ಕರುವಿನ ತಲೆ ಹಿಂದಕ್ಕೆ ತಿರುಗಿದ್ದು, ಭುಜದವರೆಗೆ ಕೈ ಹೋದದ್ದು, ಚರ್ಮ ಹೊರಗೆ ನಿಂತದ್ದು, ಕರು ಉಳಿದದ್ದು. ತಡವಾದದ್ದಕ್ಕೆ ಕ್ಷಮಿಸಿ, ಇನ್ನೊಂದು ದಿನ ಕೊಡುತ್ತೀರಾ ಎಂದೂ ಕೇಳಿದೆ. ಮರ್ಯಾದೆಗಾದರೂ ಕೇಳಬೇಕಲ್ಲ.

“ಮೇಡಂ,” ಎಂದರು ಸರ್ಜನ್, ದನಿ ಮತ್ತೆ ತಗ್ಗಿತ್ತು, “ನಮ್ಮಣ್ಣ ನಿನ್ನೆ ಫೋನ್ ಮಾಡಿದ್ದ. ನೀವು ಹೇಳಿದ ಹಾಗೇ ಮಾಡಿದ್ರಂತೆ. ನಮ್ಮ ಹಸು ಗಬ್ಬ ನಿಂತಿದೆ.”

“ಬಹಳ ಸಂತೋಷ ಸರ್.”

“ಅದೂ ಗಿಡ್ಡ ಹಸು ಮೇಡಂ.”

“ಹೌದಾ ಸರ್.”

“ಅದಕ್ಕೆ ಒಂದು ಉಪಕಾರ ಮಾಡಿ. ಅದು ಕರು ಹಾಕೋವರೆಗೆ ದಯವಿಟ್ಟು ನಮ್ಮ ಆಸ್ಪತ್ರೆ ಕಡೆ ತಲೆ ಹಾಕಬೇಡಿ.”